ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ಕನ್ಸಲ್ಟಿಂಗ್ ಕಂಪನಿಯನ್ನು ಕರೆಸುತ್ತಿದೆ, ಬೋರ್ಡ್ ಮುಂದೆ ಏನು ಕೇಳಲಿ?

ಡಲ್ಲಾಸ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ. ಮಗಳು ಆರನೇ ಕ್ಲಾಸು, ಮಗ ಮೂರನೇ ಕ್ಲಾಸು. ಇಬ್ಬರೂ ಸರ್ಕಾರಿ ಶಾಲೆಗೇ ಹೋಗುತ್ತಾರೆ. ಇಲ್ಲಿ ಶಾಲೆ ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್. ಅದರ ಮೇಲೆ ನಾವೇ ಓಟು ಹಾಕಿ ಆರಿಸಿದ ಬೋರ್ಡ್ ಇರುತ್ತದೆ. ಬರುವ ಸೋಮವಾರ ಈ ಬೋರ್ಡ್ ಒಂದು ಕನ್ಸಲ್ಟಿಂಗ್ ಕಂಪನಿ ಜೊತೆ ಮೂರು ವರ್ಷದ ಒಪ್ಪಂದಕ್ಕೆ ಮತ ಹಾಕಲಿದೆ. ಪ್ರತಿ ಮಗುವಿಗೂ ಅದರ ಮಟ್ಟಕ್ಕೆ, ಅದರ ವೇಗಕ್ಕೆ ತಕ್ಕ ಹಾಗೆ ಕಲಿಸಲು ಶಾಲೆಗಳಿಗೆ ನೆರವಾಗುತ್ತೇವೆ ಅಂತ ಕಂಪನಿ ಹೇಳುತ್ತಿದೆ.

ಕಳೆದ ಮೀಟಿಂಗ್‌ಗೆ ಹೋಗಿದ್ದೆ. ಸ್ಲೈಡ್ ಮೇಲೆ ಸ್ಲೈಡ್ ತೋರಿಸಿದರು. ಟೀಚರ್ ದಿನಚರಿ ಹೇಗೆ ಬದಲಾಗುತ್ತದೆ ಅನ್ನುವುದು ಮಾತ್ರ ಒಂದರಲ್ಲೂ ಇರಲಿಲ್ಲ. ನನ್ನ ಮಗಳಿಗೆ ಗಣಿತದ ಕ್ಲಾಸು ತೀರಾ ನಿಧಾನ. ಮಗ ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಓದುತ್ತಿದ್ದವನು. ಇಂಗ್ಲಿಷ್ ಪುಟದ ಮೇಲೆ ಬೆರಳಿಟ್ಟು ಓದುತ್ತಾನೆ, ಉದ್ದನೆಯ ಪದ ಬಂದರೆ ಬೆರಳು ಅಲ್ಲೇ ನಿಂತುಬಿಡುತ್ತದೆ. ಇಬ್ಬರಿಗೂ ಬೇರೆ ಬೇರೆ ಸಹಾಯ ಬೇಕು ಅನ್ನುವುದು ಮನೆಯಲ್ಲೇ ಕಾಣುತ್ತದೆ. ಹಾಗಾಗಿ ಬೇಡ ಅನ್ನಲು ಮನಸ್ಸಿಲ್ಲ, ಹೂಂ ಅನ್ನಲು ಧೈರ್ಯ ಇಲ್ಲ. ಮಾತಾಡಲು ಮೂರು ನಿಮಿಷ ಕೊಡುತ್ತಾರೆ. ಏನು ಕೇಳಲಿ?

ಹಳೇ ಕನ್ಸಲ್ಟೆಂಟ್

ನಾನು ಇದೇ ಕೆಲಸ ಆರು ವರ್ಷ ಮಾಡಿದ್ದೇನೆ, ಈಗ ಬಿಟ್ಟಿದ್ದೇನೆ. ಸಾಫ್ಟ್‌ವೇರ್ ಮಾರುವವರು ಬೇರೆ, ನಾವು ಬೇರೆ. ಮೊದಲು ನಾಲ್ಕೈದು ಶಾಲೆ ಆರಿಸುತ್ತೇವೆ. ಕ್ಲಾಸಿನಲ್ಲಿ ಕೂತು ನೋಡುತ್ತೇವೆ. ಮಕ್ಕಳನ್ನು ಗುಂಪು ಮಾಡಿ, ಒಂದು ಗುಂಪು ಟೀಚರ್ ಹತ್ತಿರ, ಒಂದು ಕಂಪ್ಯೂಟರ್ ಹತ್ತಿರ, ಒಂದು ತಾವೇ ಸೇರಿ ಕೆಲಸ ಮಾಡುವ ಹಾಗೆ ಸರದಿ ಹಾಕಲು ಕಲಿಸುತ್ತೇವೆ. 2012ರಲ್ಲಿ ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆ ಇದೇ ಉದ್ದೇಶಕ್ಕೆ ಒಂದು ಸ್ಪರ್ಧೆ ನಡೆಸಿ, ಮೊದಲ ಸುತ್ತಿನಲ್ಲಿ 16 ಅರ್ಜಿದಾರರಿಗೆ ಸುಮಾರು 40 ಕೋಟಿ ಡಾಲರ್ ಕೊಟ್ಟಿತು. ಒಂದು ಡಿಸ್ಟ್ರಿಕ್ಟ್ ಕಚೇರಿಯಲ್ಲಿ ಇದನ್ನೆಲ್ಲ ಜೋಡಿಸಲು ಕೈ ಸಾಲುವುದಿಲ್ಲ. ಹೊರಗಿನವರು ಬೇಕಾಗುತ್ತಾರೆ ಮೇಡಂ. ಸುಮ್ನೆ ಅನುಮಾನ ಪಡಬೇಡಿ.

ಒಹಾಯೊ ಮಿಸ್

ನಾನು ಇಲ್ಲಿ ಏಳನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಸರ್, ನೀವು ಹೇಳಿದ ಸರದಿ ಒಳ್ಳೆಯದೇ. ಆದರೆ ಮೂರು ಗುಂಪಿಗೆ ಮೂರು ಪಾಠ ಸಿದ್ಧ ಮಾಡುವವರು ಯಾರು? ನನಗೆ ದಿನಕ್ಕೆ ಸಿಗುವುದು ಒಂದು ಬಿಡುವಿನ ಪೀರಿಯಡ್. ಅದರಲ್ಲೇ ಕಾಪಿ ತೆಗೆಯಬೇಕು, ಪೋಷಕರ ಫೋನಿಗೆ ಉತ್ತರ ಕೊಡಬೇಕು, ರಜೆ ಹಾಕಿದ ಟೀಚರ್ ಕ್ಲಾಸಿಗೂ ಹೋಗಬೇಕು. ನಮ್ಮಲ್ಲೂ ಇಂಥ ಒಂದು ಕಂಪನಿ ಬಂದಿತ್ತು. ಆಗಸ್ಟ್‌ನಲ್ಲಿ ಎರಡು ದಿನ ತರಬೇತಿ, ಆಮೇಲೆ ತಿಂಗಳಿಗೊಮ್ಮೆ ಒಬ್ಬರು ಬಂದು ಫಾರಂ ತುಂಬಿಕೊಂಡು ಹೋಗುತ್ತಿದ್ದರು. ಎರಡನೇ ವರ್ಷ ಅವರು ಬರಲಿಲ್ಲ. ಫಾರಂ ಮಾತ್ರ ಉಳಿಯಿತು.

ಇನ್ನೊಂದು ವಿಷಯ. ಕೋವಿಡ್ ಸಮಯದಲ್ಲಿ ಶಾಲೆಗಳಿಗೆ ಬಂದ ಸುಮಾರು 19,000 ಕೋಟಿ ಡಾಲರ್ ಕೇಂದ್ರ ನೆರವಿನ ಗಡುವು 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಈಗ ಕನ್ಸಲ್ಟಿಂಗ್‌ಗೆ ದುಡ್ಡು ಹೋದರೆ ಅದು ಮಾಮೂಲಿ ಬಜೆಟ್‌ನಿಂದಲೇ ಹೋಗಬೇಕು. ಒಬ್ಬ ರೀಡಿಂಗ್ ಟೀಚರ್ ಕೆಲಸ ಕಳೆದುಕೊಂಡು ಒಬ್ಬ ಕನ್ಸಲ್ಟೆಂಟ್ ಬರುವ ಹಾಗಾದರೆ ನಿಮ್ಮ ಮಗನಿಗೆ ನಷ್ಟ.

ಕಾನ್ಸಸ್ ಅಪ್ಪ

ನಮ್ಮ ರಾಜ್ಯದಲ್ಲಿ ನಡೆದದ್ದು ಹೇಳುತ್ತೇನೆ. ಸಮಿಟ್ ಲರ್ನಿಂಗ್ ಅಂತ, ಸಾಫ್ಟ್‌ವೇರ್ ಮೂಲಕ ಪ್ರತಿ ಮಗುವಿಗೆ ಅದರ ವೇಗಕ್ಕೆ ಕಲಿಸುವ ಒಂದು ಕಾರ್ಯಕ್ರಮ ಇತ್ತು. ಕ್ಯಾಲಿಫೋರ್ನಿಯಾದ ಒಂದು ಶಾಲಾ ಸಮೂಹ ಶುರು ಮಾಡಿದ್ದು. ಫೇಸ್‌ಬುಕ್ ಎಂಜಿನಿಯರ್‌ಗಳು ಅದರ ಸಾಫ್ಟ್‌ವೇರ್ ಕಟ್ಟಲು ನೆರವಾದರು, ಆಮೇಲೆ ಜುಕರ್‌ಬರ್ಗ್ ದಂಪತಿಯ ಸಂಸ್ಥೆ ದುಡ್ಡು ಹಾಕಿತು. ಶಾಲೆಗಳಿಗೆ ಪುಕ್ಕಟೆ, ತರಬೇತಿಯೂ ಪುಕ್ಕಟೆ. 2018-19ರಲ್ಲಿ ವೆಲಿಂಗ್ಟನ್, ಮ್ಯಾಕ್‌ಫರ್ಸನ್ ಊರುಗಳ ಪೋಷಕರು ಇದಕ್ಕೆ ಎದುರು ನಿಂತರು. ಮಕ್ಕಳು ಹೆಚ್ಚು ಹೊತ್ತು ಲ್ಯಾಪ್‌ಟಾಪ್ ಮುಂದೆ ಒಬ್ಬೊಬ್ಬರೇ ಕೂತಿರುತ್ತಾರೆ, ತಲೆನೋವು ಅಂತಾರೆ ಅನ್ನುವುದು ಅವರ ದೂರು. 2018ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಇದೇ ಕಾರ್ಯಕ್ರಮ ಬೇಡ ಅಂತ ಹೈಸ್ಕೂಲ್ ಮಕ್ಕಳೇ ಕ್ಲಾಸ್ ಬಿಟ್ಟು ಹೊರಗೆ ಬಂದರು. ಟೀಚರ್ ಜೊತೆ ಮಾತು, ಗೆಳೆಯರ ಜೊತೆ ಚರ್ಚೆ ಎರಡೂ ಕಳೆದುಹೋಗಿದೆ ಅಂತ ಜುಕರ್‌ಬರ್ಗ್‌ಗೇ ಪತ್ರ ಬರೆದರು.

ಅಮ್ಮಾ, ಆ ಕಾರ್ಯಕ್ರಮದ ಕಾಗದದಲ್ಲಿ ವಾರಕ್ಕೆ ಹತ್ತು ನಿಮಿಷ ಪ್ರತಿ ಮಗು ಒಬ್ಬ ಟೀಚರ್ ಜೊತೆ ಕೂತು ಮಾತಾಡಬೇಕು ಅಂತ ಇತ್ತು. ಅದರಲ್ಲಿ ಜೀವ ಇದ್ದದ್ದೇ ಆ ಹತ್ತು ನಿಮಿಷದಲ್ಲಿ. ನಿಮ್ಮ ಒಪ್ಪಂದದಲ್ಲಿ ಅಂಥ ಒಂದು ಸಾಲು ಇದೆಯಾ ನೋಡಿ.

ಲೆಕ್ಕದ ಮನುಷ್ಯ

ಕಾನ್ಸಸ್ ಕಥೆ ಒಂದೇ ನೋಡಿ ತೀರ್ಮಾನಕ್ಕೆ ಬರಬೇಡಿ. ರ‍್ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆ 2017ರಲ್ಲಿ, ಪ್ರತಿ ಮಗುವಿಗೆ ತಕ್ಕ ಹಾಗೆ ಕಲಿಸುವ ಸುಮಾರು 40 ಶಾಲೆಗಳ ಅಧ್ಯಯನ ಪ್ರಕಟಿಸಿತು. ಗಣಿತದಲ್ಲಿ ಲಾಭ ಸುಮಾರು 3 ಪರ್ಸೆಂಟೈಲ್. ಅಂದರೆ ನೂರು ಮಕ್ಕಳ ಸಾಲಿನ ನಡುವೆ ನಿಂತ ಮಗು ಮೂರು ಹೆಜ್ಜೆ ಮುಂದೆ ಬಂದ ಹಾಗೆ. ಓದಿನಲ್ಲಿ ಖಚಿತವಾಗಿ ಹೇಳುವಷ್ಟು ಲಾಭ ಕಾಣಲಿಲ್ಲ.

ಮೈಂಡ್‌ಸ್ಪಾರ್ಕ್ ಅನ್ನುವ ಕಲಿಕಾ ಸಾಫ್ಟ್‌ವೇರ್ ಬಗ್ಗೆ ದೆಹಲಿಯಲ್ಲಿ ನಡೆದ ಅಧ್ಯಯನದಲ್ಲಿ ಲಾಭ ಇದಕ್ಕಿಂತ ತುಂಬಾ ಜಾಸ್ತಿ. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಸ್ಟ್ಯಾಂಡರ್ಡ್ ಡೀವಿಯೇಶನ್ (ಮಕ್ಕಳ ಅಂಕ ಸರಾಸರಿಯ ಸುತ್ತ ಎಷ್ಟು ಹರಡಿದೆ ಅನ್ನುವ ಅಳತೆ). ಆ ಮಕ್ಕಳು ತಮ್ಮ ತರಗತಿಗಿಂತ ಎಷ್ಟೋ ಹಿಂದೆ ಇದ್ದವರು. ಸಾಫ್ಟ್‌ವೇರ್ ಅವರು ನಿಂತ ಜಾಗದಿಂದಲೇ ಶುರು ಮಾಡಿತು. ಯಂತ್ರ ಅಂದ ಕೂಡಲೇ ಹೆದರುವ ಕಾರಣ ಇಲ್ಲ.

ಒಹಾಯೊ ಮಿಸ್

ಅದೇ ಅಧ್ಯಯನದಲ್ಲಿ ದಿನಕ್ಕೆ 90 ನಿಮಿಷದ ಸೆಷನ್ ಇತ್ತು ಅಲ್ವಾ? 45 ನಿಮಿಷ ಕಂಪ್ಯೂಟರ್, 45 ನಿಮಿಷ ಸಣ್ಣ ಗುಂಪಿಗೆ ಒಬ್ಬ ಮನುಷ್ಯ ಪಾಠ ಮಾಡಿದ್ದು. ಅದೂ ಶಾಲೆ ಬಿಟ್ಟ ಮೇಲೆ, ಹೆಚ್ಚುವರಿ ಸಮಯದಲ್ಲಿ. ಆ ಅರ್ಧವನ್ನು ಬಿಟ್ಟು ಮಾತಾಡಬಾರದು.

ಲೆಕ್ಕದ ಮನುಷ್ಯ

ಸರಿ, ಒಪ್ಪಿದೆ. ಎರಡನ್ನೂ ಸೇರಿಸಿ ಬಂದ ಫಲ ಅದು. ಅಷ್ಟನ್ನೂ ನಾನೇ ಹೇಳಬೇಕಿತ್ತು.

ಹುಣಸೂರು ಟೀಚರ್

ನನಗೆ ಅಮೆರಿಕ ಗೊತ್ತಿಲ್ಲ. ಆದರೆ ಮಗುವಿನ ವೇಗಕ್ಕೆ ಕಲಿಸುವುದು ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ನಾನು ನಲಿಕಲಿ ಟೀಚರ್. 1995ರಲ್ಲಿ ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಇದು ಶುರುವಾಯಿತು. ಅಲ್ಲೂ ಹೊರಗಿನವರ ಸಹಾಯ ಇತ್ತು. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಟೀಚರುಗಳು ಹೋಗಿ ನೋಡಿ ಬಂದರು. ಆದರೆ ವಾಪಸ್ ಬಂದು ಮಕ್ಕಳು ಕಲಿಯುವ ಪಾಠದ ಕಾರ್ಡು ಬರೆದವರು ಆ ಟೀಚರುಗಳೇ.

ಬೆಳಿಗ್ಗೆ ನನ್ನ ಕ್ಲಾಸಿಗೆ ಬನ್ನಿ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ ನೆಲದ ಮೇಲೆ ಕೂರುತ್ತಾರೆ. ಐದು ತಟ್ಟೆ, ಅಂದರೆ ಐದು ಗುಂಪು. ಒಂದನೇ ತಟ್ಟೆಯವರಿಗೆ ಪೂರ್ತಿ ನನ್ನ ಸಹಾಯ. ಐದನೇ ತಟ್ಟೆಯವರು ತಾವೇ ಕಲಿಯುತ್ತಾರೆ. ನಡುವಿನವರಿಗೆ ಸ್ವಲ್ಪ ನಾನು, ಸ್ವಲ್ಪ ಗೆಳೆಯರು. ಮಗು ಗೋಡೆಯ ಮೇಲಿನ ಕಲಿಕೆಯ ಏಣಿಯ ಚಿತ್ರದಲ್ಲಿ ತನ್ನ ಮೆಟ್ಟಿಲು ಹುಡುಕುತ್ತದೆ, ಕಾರ್ಡು ಎತ್ತಿಕೊಳ್ಳುತ್ತದೆ, ಅದರ ಚಿತ್ರ ನೋಡಿ ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ಹದಿನೈದು ದಿನ ಜ್ವರದಿಂದ ಮಲಗಿದ್ದ ಮಗು ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಇದಕ್ಕೆ ಕರೆಂಟೂ ಬೇಡ.

ತೊಂದರೆಯೂ ಇದೆ. 2009-10ರಿಂದ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ನನ್ನ ಮೊದಲ ಶಾಲೆಯಲ್ಲಿ ಮಕ್ಕಳು ಹೆಚ್ಚು, ನಾನೊಬ್ಬಳೇ. ಒಂದನೇ ತಟ್ಟೆಯಲ್ಲೇ ಹದಿನಾಲ್ಕು ಮಕ್ಕಳು ಇರುತ್ತಿದ್ದರು. ಆಗ ಕಾರ್ಡು ಎಷ್ಟು ಚೆನ್ನಾಗಿದ್ದರೂ ಏಣಿ ಏರುವುದಿಲ್ಲ, ಮಗು ಕಾಯುತ್ತಾ ಕೂರುತ್ತದೆ. ನಿಮ್ಮ ಕಂಪನಿಯವರನ್ನು ಒಂದೇ ಮಾತು ಕೇಳಿ ಅಕ್ಕ: ಒಂದನೇ ತಟ್ಟೆಯಲ್ಲಿ ಕೂರಲು ಟೀಚರ್‌ಗೆ ದಿನಕ್ಕೆ ಎಷ್ಟು ನಿಮಿಷ ಸಿಗುತ್ತದೆ?

ಹಳೇ ಕನ್ಸಲ್ಟೆಂಟ್

ಟೀಚರಮ್ಮ, ನಿಮ್ಮ ಮಾತು ನನಗೆ ತಟ್ಟಿತು. ನಾವು ಕೆಲಸ ಮಾಡಿದ ಶಾಲೆಗಳಲ್ಲಿ ಚೆನ್ನಾಗಿ ನಡೆದವು ಅಂದರೆ ಪ್ರಿನ್ಸಿಪಾಲರು ಟೈಮ್‌ಟೇಬಲ್ ಬದಲಿಸಿದ ಶಾಲೆಗಳೇ. ಟೀಚರುಗಳಿಗೆ ಒಟ್ಟಿಗೆ ಕೂರುವ ಪೀರಿಯಡ್ ಕೊಟ್ಟ ಕಡೆ ಕೆಲಸ ಉಳಿಯಿತು. ಆದರೂ ಹೇಳುತ್ತೇನೆ, ಆ ಟೈಮ್‌ಟೇಬಲ್ ಬದಲಿಸಿ ಅಂತ ಹಟ ಹಿಡಿಯಲು ಹೊರಗಿನ ಒಬ್ಬರು ಬೇಕಾಗಿತ್ತು.

ಕಾನ್ಸಸ್ ಅಪ್ಪ

ಮಕ್ಕಳ ಮಾಹಿತಿ ಮರೆಯಬೇಡಿ. ಇನ್‌ಬ್ಲೂಮ್ ಅಂತ, ಮಕ್ಕಳ ಮಾಹಿತಿಯನ್ನು ಒಂದೇ ಕಡೆ ಸೇರಿಸಿಡಲು 10 ಕೋಟಿ ಡಾಲರ್ ಹಾಕಿ 2013ರಲ್ಲಿ ಶುರು ಮಾಡಿದ ಯೋಜನೆ 2014ರಲ್ಲೇ ಮುಚ್ಚಿತು. ಮಕ್ಕಳ ಅಂಕ, ವಿವರ ಯಾರ ಕೈಗೆ ಹೋಗುತ್ತದೆ ಅನ್ನುವ ಪೋಷಕರ ಪ್ರಶ್ನೆಗೆ ಸಮಾಧಾನ ಸಿಗಲೇ ಇಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲೆಗಳು ಮಕ್ಕಳ ದಾಖಲೆ ಇಡುವ ಪವರ್‌ಸ್ಕೂಲ್ ಸಿಸ್ಟಮ್‌ಗೆ ಕಂಪ್ಯೂಟರ್ ಕಳ್ಳರು ನುಗ್ಗಿದ್ದು ಎಲ್ಲರಿಗೂ ಗೊತ್ತು.

ಡಲ್ಲಾಸ್ ಅಮ್ಮ

ಎಲ್ಲರಿಗೂ ಧನ್ಯವಾದ. ಇವತ್ತು ಒಪ್ಪಂದದ ಕರಡು ಪೂರ್ತಿ ಓದಿದೆ. ತರಬೇತಿ ಎಷ್ಟು ದಿನ, ಭೇಟಿ ಎಷ್ಟು ಸಲ, ವರದಿ ಎಷ್ಟು, ಎಲ್ಲ ಇದೆ. ಟೀಚರ್ ಸಮಯದ ಬಗ್ಗೆ ಒಂದು ಸಾಲೂ ಇಲ್ಲ.

ಹೀಗೆ ಬರೆದಿದ್ದೇನೆ: "ಬೇಡ ಅನ್ನಲು ಬಂದಿಲ್ಲ. ಮೊದಲು ಎರಡು ಶಾಲೆಯಲ್ಲಿ ಒಂದು ವರ್ಷ ಮಾಡಿ ನೋಡಿ. ಸಣ್ಣ ಗುಂಪಿನ ಜೊತೆ ಟೀಚರ್ ಕೂರುವ ನಿಮಿಷಗಳನ್ನು ಒಪ್ಪಂದದಲ್ಲಿ ಬರೆಯಿರಿ. ಸಿದ್ಧತೆಗೆ ಯಾವ ಪೀರಿಯಡ್ ಬಿಡಿಸಿ ಕೊಡುತ್ತೀರಿ ಹೇಳಿ. ಈ ದುಡ್ಡಿಗಾಗಿ ಯಾವ ಹುದ್ದೆ ತೆಗೆಯುತ್ತೀರಿ ಹೇಳಿ. ಕಂಪನಿ ಹೋದ ಮೇಲೆ ಹೊಸ ಟೀಚರ್‌ಗೆ ಇದನ್ನು ಕಲಿಸುವವರು ಯಾರು? ಮಕ್ಕಳ ಮಾಹಿತಿ ಎಲ್ಲಿ ಇಡುತ್ತೀರಿ, ಯಾವಾಗ ಅಳಿಸುತ್ತೀರಿ?" ನನ್ನ ಮಕ್ಕಳ ಮಾತೂ ಸೇರಿಸಿ ಗಟ್ಟಿಯಾಗಿ ಓದಿ ನೋಡಿದೆ. ನಾಲ್ಕು ನಿಮಿಷ ಆಗುತ್ತದೆ. ಮಾಹಿತಿಯ ಪ್ರಶ್ನೆ ಬಿಡಲಾ?

ಕಾನ್ಸಸ್ ಅಪ್ಪ

ಅದನ್ನು ಬಿಡಬೇಡಿ.

ಒಹಾಯೊ ಮಿಸ್

ಅದನ್ನು ಬೇರೆ ಹಾಳೆಯಲ್ಲಿ ಬರೆದು ಬೋರ್ಡ್ ಸದಸ್ಯರಿಗೆ ಕೊಡಿ, ಇ-ಮೇಲ್ ಕೂಡ ಮಾಡಿ. ಮೂರು ನಿಮಿಷವನ್ನು ಟೀಚರ್ ಸಮಯಕ್ಕೇ ಇಡಿ. ಮಗನ ಬೆರಳು ಉದ್ದದ ಪದದ ಹತ್ತಿರ ನಿಲ್ಲುವುದನ್ನು ಮೊದಲೇ ಹೇಳಿಬಿಡಿ.

ಹುಣಸೂರು ಟೀಚರ್

ಹೌದು ಅಕ್ಕ, ಅಲ್ಲಿಂದಲೇ ಶುರು ಮಾಡಿ. ಸೋಮವಾರ ಏನಾಯಿತು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.