ಹೈಬ್ರಿಡ್ ಕಾರಿನ ಬ್ಯಾಟರಿ ಚಾರ್ಜ್ ಬೇಗ ಇಳಿಯುತ್ತಿದೆ, 8ನೇ ಬ್ಲಾಕ್ ಮೇಲೆ ಅನುಮಾನ. ಪ್ಯಾಕ್ ಬಿಚ್ಚಬೇಕಾ?

ನೀಲಿಗೆರೆ:
ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್, 28 ಮಾಡ್ಯೂಲ್, 201.6 ವೋಲ್ಟ್. ಪ್ಲಗ್-ಇನ್ ಅಲ್ಲ. ಎಸಿ ಹಾಕಿಕೊಂಡು ನಿಂತರೆ ಚಾರ್ಜ್ ಶೇ 70ರಿಂದ 45ಕ್ಕೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತೆ. ಎಂಜಿನ್ ಶುರುವಾದ ಮೇಲೆ ಅಷ್ಟೇ ಬೇಗ ಮೇಲೂ ಏರುತ್ತೆ. ಹಿಂದಿನ ಸೀಟಿನ ಪಕ್ಕದ, ಬ್ಯಾಟರಿ ತಂಪು ಮಾಡೋ ಫ್ಯಾನ್ ಮೊದಲಿಗಿಂತ ಜೋರಾಗಿ ತಿರುಗುತ್ತೆ. ವಾರ್ನಿಂಗ್ ಲೈಟ್ ಇಲ್ಲ, ಕೋಡ್ ಇಲ್ಲ.

ಓಬಿಡಿ ಡಾಂಗಲ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಹಾಕಿ ಓದಿದ ಬ್ಲಾಕ್ ವೋಲ್ಟೇಜ್‌ಗಳು ಹೀಗಿವೆ (14 ಬ್ಲಾಕ್, ಒಂದಕ್ಕೆ ಎರಡು ಮಾಡ್ಯೂಲ್):

ಕರೆಂಟ್ ಸೊನ್ನೆ ಇದ್ದಾಗ: 8ನೇ ಬ್ಲಾಕ್ 15.6, ಉಳಿದವು ಸುಮಾರು 15.7
60 ಆಂಪ್ ಡಿಸ್‌ಚಾರ್ಜ್: 8ನೇ ಬ್ಲಾಕ್ 13.3, ಉಳಿದವು 14.3
40 ಆಂಪ್ ಚಾರ್ಜ್: 8ನೇ ಬ್ಲಾಕ್ 17.0, ಉಳಿದವು 16.5

12 ವೋಲ್ಟ್ ಬ್ಯಾಟರಿ ರಾತ್ರಿಯಿಡೀ ನಿಂತ ಮೇಲೆ 12.6, ಕಾರು ಓಡಲು ಸಿದ್ಧವಿರುವ ರೆಡಿ ಮೋಡ್‌ನಲ್ಲಿ 14.1. ಇದು ಪೂರ್ತಿ ಪ್ಯಾಕ್ ಬದಲಿಸುವ ಕೇಸಾ, ಅಥವಾ ಒಂದು ಬ್ಲಾಕ್ ಸರಿಮಾಡಿದರೆ ಸಾಕಾ?

ಬಸ್‌ಬಾರ್:
ಮೂರು ಸ್ಥಿತಿಯಲ್ಲೂ ಅಳೆದಿದ್ದೀರಿ, ಇದರಿಂದ ತುಂಬಾ ಅನುಕೂಲ. ಬರೀ ನಿಂತಾಗಿನ ವೋಲ್ಟೇಜ್ ನೋಡಿ ತೀರ್ಮಾನಿಸೋಕೆ ಆಗಲ್ಲ. 12 ವೋಲ್ಟ್ ಬ್ಯಾಟರಿಯೂ ಅದನ್ನು ಚಾರ್ಜ್ ಮಾಡೋ ಡಿಸಿ ಕನ್ವರ್ಟರೂ ಚೆನ್ನಾಗಿವೆ, ಅವನ್ನು ಬಿಟ್ಟುಬಿಡಿ.

ಒಂದು ಬ್ಲಾಕ್ ಹೀಗೆ ಬೇರೆ ಓದು ಕೊಡೋಕೆ ಮುಖ್ಯವಾಗಿ ಮೂರು ಕಾರಣ. ಮೊದಲನೆಯದು, ಒಂದು ಸೆಲ್ (ಮಾಡ್ಯೂಲಿನ ಒಳಗಿನ ಚಿಕ್ಕ ಬ್ಯಾಟರಿ) ಶಾರ್ಟ್ ಆಗಿ ಸತ್ತಿದ್ದರೆ ಆ ಬ್ಲಾಕ್ ನಿಂತಾಗಲೂ ಚಾರ್ಜ್‌ನಲ್ಲೂ ಡಿಸ್‌ಚಾರ್ಜ್‌ನಲ್ಲೂ ಸುಮಾರು 1.2 ವೋಲ್ಟ್ ಕೆಳಗೇ ಇರುತ್ತೆ. ನಿಮ್ಮದು ಹಾಗಿಲ್ಲ. ಎರಡನೆಯದು ರೆಸಿಸ್ಟೆನ್ಸ್ (ಕರೆಂಟಿಗೆ ಅಡ್ಡಿ) ಹೆಚ್ಚಾಗಿರೋದು: ಕರೆಂಟ್ ಹರಿದ ತಕ್ಷಣ ಕುಸಿಯುತ್ತೆ, ಚಾರ್ಜ್‌ನಲ್ಲಿ ತಕ್ಷಣ ಜಿಗಿಯುತ್ತೆ, ಕರೆಂಟ್ ನಿಂತರೆ ಉಳಿದವುಗಳ ಜೊತೆ ಸೇರುತ್ತೆ. ಮೂರನೆಯದು ಕೆಪಾಸಿಟಿ (ಹಿಡಿಸುವ ಚಾರ್ಜ್) ಕಡಿಮೆಯಾಗಿರೋದು.

ನಿಮ್ಮ ಅಂಕಿ ಲೆಕ್ಕ ಹಾಕಿ. ನಿಂತಾಗಿನ 0.1 ವ್ಯತ್ಯಾಸ ಕಳೆದರೆ ಡಿಸ್‌ಚಾರ್ಜ್‌ನಲ್ಲಿ 0.9 ವೋಲ್ಟ್, 60 ಆಂಪ್‌ಗೆ ಭಾಗಿಸಿದರೆ 15 ಮಿಲಿಓಮ್. ಚಾರ್ಜ್‌ನಲ್ಲಿ 0.6 ಭಾಗಿಸು 40, ಅಲ್ಲೂ 15. ಎರಡೂ ಕಡೆ ಒಂದೇ ಉತ್ತರ ಬಂದಿದೆ, ಹಾಗಾಗಿ ರೆಸಿಸ್ಟೆನ್ಸ್ ಕಡೆಗೇ ಬೆರಳು ತೋರಿಸ್ತಿದೆ. ಉಳಿದ ಬ್ಲಾಕ್‌ಗಳು 20ರಿಂದ 23 ಮಿಲಿಓಮ್ ಆಸುಪಾಸಿನಲ್ಲಿವೆ, ಆ ಲೆಕ್ಕದಲ್ಲಿ 15 ಹೆಚ್ಚುವರಿ ಅಂದ್ರೆ ಚಿಕ್ಕದಲ್ಲ. ಮಾಡ್ಯೂಲ್‌ಗಳನ್ನು ಜೋಡಿಸೋ ತಾಮ್ರದ ಪಟ್ಟಿ, ಅಂದ್ರೆ ಬಸ್ ಬಾರ್ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ, ನಟ್ ಸಡಿಲವಾಗಿದ್ದರೆ ಹೀಗೇ ಕಾಣುತ್ತೆ.

ಮಿಲಿಓಮ್:
ಲೆಕ್ಕ ಸರಿಯಾಗಿದೆ, ಆದರೆ ಅಷ್ಟಕ್ಕೇ ಬಸ್ ಬಾರ್ ಅಂತ ಒಪ್ಪಿಕೊಳ್ಳಬೇಡಿ. ಆ ಓದುಗಳನ್ನು ಕರೆಂಟ್ ಹರಿದ ಎಷ್ಟು ಸೆಕೆಂಡಿಗೆ ತೆಗೆದದ್ದು ಎಂಬುದು ಗೊತ್ತಿಲ್ಲ. ಕೆಪಾಸಿಟಿ ಕುಗ್ಗಿದ ಬ್ಲಾಕ್ ಕೂಡ ದೊಡ್ಡ ಕರೆಂಟಿನಲ್ಲಿ ಹೀಗೇ ಕಾಣಬಹುದು. ಬರೀ ಕಿಲುಬಾಗಿದ್ದರೆ ಶೇಕಡಾವಾರು ಚಾರ್ಜ್ ಇಷ್ಟು ಬೇಗ ಇಳಿದು ಇಷ್ಟು ಬೇಗ ಏರುವುದಕ್ಕೆ ಸಮಾಧಾನದ ಕಾರಣ ಸಿಗುವುದಿಲ್ಲ. ಎರಡೂ ಕಡೆ ವೇಗ ಹೆಚ್ಚಿದ್ದರೆ ಮೊದಲ ಅನುಮಾನ ಕೆಪಾಸಿಟಿ ಮೇಲೆ.

ಬೇರ್ಪಡಿಸಲು ಸಣ್ಣ ಕರೆಂಟಿನ ಪರೀಕ್ಷೆ ಮಾಡಿ. ಗಾಳಿಯಾಡುವ ಬಯಲಲ್ಲಿ ಕಾರು ನಿಲ್ಲಿಸಿ, ಪಿ ಗೇರ್, ರೆಡಿ ಮೋಡ್. ಚಾರ್ಜ್ ಶೇ 65ರ ಮೇಲಿರಲಿ. ಎಸಿ ಪೂರ್ತಿ ತಂಪಿಗೆ, ಹೆಡ್‌ಲೈಟ್, ಹಿಂದಿನ ಗಾಜಿನ ಹೀಟರ್ ಎಲ್ಲ ಆನ್. ಕರೆಂಟ್ 10 ಆಂಪ್ ಆಸುಪಾಸಿಗೆ ಬರುವಂತೆ ನೋಡಿಕೊಳ್ಳಿ. ಎಂಜಿನ್ ತಾನಾಗಿ ಶುರುವಾಗುವವರೆಗೆ ಎಲ್ಲ 14 ಬ್ಲಾಕ್‌ಗಳನ್ನೂ ಲಾಗ್ ಮಾಡಿ. 10 ಆಂಪ್‌ನಲ್ಲಿ 15 ಮಿಲಿಓಮ್ ಕೊಡುವ ವ್ಯತ್ಯಾಸ ಬರೀ 0.15 ವೋಲ್ಟ್. ಶುರುವಿನಿಂದ ಕೊನೆಯವರೆಗೂ ಅಷ್ಟೇ ಉಳಿದರೆ ಬಸ್ ಬಾರ್ ಅಥವಾ ಮಾಡ್ಯೂಲಿನ ಒಳ ರೆಸಿಸ್ಟೆನ್ಸ್. ಕೊನೆಕೊನೆಗೆ ಅಂತರ ಹಿಗ್ಗಿದರೆ ಒಂದು ಸೆಲ್ ಬೇರೆಯವುಗಳಿಗಿಂತ ಮೊದಲೇ ಖಾಲಿಯಾಗುತ್ತಿದೆ.

ಇನ್ನೆರಡು ಮಾತು. ಟ್ರಾಫಿಕ್‌ನಲ್ಲಿ ಎನ್ ಗೇರ್‌ಗೆ ಹಾಕುವ ಅಭ್ಯಾಸವಿದ್ದರೆ ಬಿಡಿ. ಟೊಯೊಟಾ ಪ್ರಿಯಸ್ ತರಹದ ವ್ಯವಸ್ಥೆಯಲ್ಲಿ ಎನ್‌ನಲ್ಲಿ ಜನರೇಟರ್ ಚಾರ್ಜ್ ಮಾಡುವುದಿಲ್ಲ, ಎಸಿ ಮಾತ್ರ ಬ್ಯಾಟರಿ ತಿನ್ನುತ್ತಲೇ ಇರುತ್ತದೆ. ಹಾಗೆಯೇ ಫ್ಯಾನಿನ ಜಾಲರಿ ಮಾತ್ರ ಒರೆಸಿದರೆ ಸಾಲದು, ಫ್ಯಾನ್ ಬಿಚ್ಚಿ ಒಳಗಿನ ಚಕ್ರದ ರೆಕ್ಕೆಗಳ ನಡುವೆ ಅಂಟಿದ ಧೂಳು ಮತ್ತು ಕೂದಲು ತೆಗೆಯಬೇಕು. ನಡುವಿನ ಮಾಡ್ಯೂಲ್‌ಗಳು ಎಲ್ಲಕ್ಕಿಂತ ಹೆಚ್ಚು ಬಿಸಿಯಾಗುವುದರಿಂದ ಬೇಗ ಸೋಲುತ್ತವೆ. ನಿಮ್ಮ 8ನೇ ಬ್ಲಾಕ್ ಸರಿಯಾಗಿ ಆ ನಡುವಿನಲ್ಲೇ ಇದೆ.

ನೀಲಿಗೆರೆ:
ಮಾಡಿದೆ. 10 ಆಂಪ್‌ನಲ್ಲಿ ಶುರುವಿನಲ್ಲಿ ಅಂತರ 0.2 ವೋಲ್ಟ್. ಶೇ 52ರ ಹತ್ತಿರ 0.5. ಎಂಜಿನ್ ಶುರುವಾಗುವ ಮುಂಚೆ 1.1. ಬೇರೆ 13 ಬ್ಲಾಕ್‌ಗಳ ನಡುವೆ ಕೊನೆಯವರೆಗೂ 0.2ಕ್ಕಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಮಿಲಿಓಮ್:
ಕೆಪಾಸಿಟಿಯೇ. 1.1 ಅಂದರೆ ಒಂದು ಸೆಲ್ ಪೂರ್ತಿ ಬರಿದಾಗುತ್ತಿದೆ. ಅದರ ಮೇಲೂ ಕರೆಂಟ್ ಎಳೆದರೆ ಆ ಸೆಲ್ ಉಲ್ಟಾ ಚಾರ್ಜ್ ಆಗಿ ಗ್ಯಾಸ್ ಬಿಡುತ್ತದೆ, ಇನ್ನಷ್ಟು ಕೆಡುತ್ತದೆ. ಪ್ಯಾಕ್ ಬದಲಿಸಿ ಎನ್ನುವ ಪಿ0ಎ80 ಕೋಡ್ ಬರುವವರೆಗೆ ಕಾಯಬೇಡಿ.

ಬಸ್‌ಬಾರ್:
ಹಾಗಾದರೆ ಪ್ಯಾಕ್ ತೆರೆಯಲೇಬೇಕು. ಕೀ ಆಫ್, ರಿಮೋಟ್ ದೂರ, 12 ವೋಲ್ಟ್ ನೆಗೆಟಿವ್ ಬಿಚ್ಚಿ, 1000 ವೋಲ್ಟ್ ಕ್ಲಾಸ್ 0 ಗ್ಲೌಸ್ ಹಾಕಿ ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಇನ್ವರ್ಟರ್ ಕೆಪಾಸಿಟರ್ ಖಾಲಿಯಾಗಲು ಕನಿಷ್ಠ 10 ನಿಮಿಷ ಕಾಯಿರಿ, ಆಮೇಲೆ ಮೀಟರ್‌ನಲ್ಲಿ ಪರೀಕ್ಷಿಸಿ. ಪ್ಲಗ್ ತೆಗೆದರೆ ಪ್ಯಾಕ್ ಎರಡು ತುಂಡಾಗುತ್ತೆ ಅಷ್ಟೇ, ಒಂದೊಂದು ತುಂಡಿನಲ್ಲೂ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದೇ ಇರುತ್ತೆ. ಬಸ್ ಬಾರ್ ನಟ್‌ಗಳಿಗೆ ಇನ್ಸುಲೇಟೆಡ್ 8 ಎಂಎಂ ಸಾಕೆಟ್ ಬೇಕು. ಉಂಗುರ, ವಾಚು, ಚೈನು ತೆಗೆದಿಡಿ. ಹೈ ವೋಲ್ಟೇಜ್ ಕೆಲಸ ಕಲಿಯದವರು ಇಲ್ಲಿಂದ ಮುಂದೆ ತರಬೇತಿ ಇದ್ದ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ, ಇದರಲ್ಲಿ ರಾಜಿ ಬೇಡ.

8ನೇ ಬ್ಲಾಕಿನ ಎರಡು ಮಾಡ್ಯೂಲ್‌ಗಳಲ್ಲಿ ಕೆಟ್ಟದ್ದು ಯಾವುದು ಅಂತ ತಿಳಿಯೋಕೆ 12 ವೋಲ್ಟ್ 55 ವಾಟ್ ಹೆಡ್‌ಲೈಟ್ ಬಲ್ಬನ್ನು ಒಂದೊಂದು ಮಾಡ್ಯೂಲ್‌ಗೂ ಎರಡು ನಿಮಿಷ ಹಚ್ಚಿಟ್ಟು ಎಲ್ಲ 28ರ ವೋಲ್ಟೇಜ್ ಇಳಿತವನ್ನೂ ಹೋಲಿಸಿ.

ಮಿಲಿಓಮ್:
ಬಲ್ಬ್ ಪರೀಕ್ಷೆ ಸತ್ತ ಸೆಲ್ ಹಿಡಿಯುತ್ತದೆ, ಕೆಪಾಸಿಟಿ ಅಳೆಯುವುದಿಲ್ಲ. ಆ ಎರಡು ನಿಮಿಷದಲ್ಲಿ ಹೊರಬರುವುದು ಸುಮಾರು 0.12 ಆಂಪ್-ಅವರ್ ಮಾತ್ರ, ಮಾಡ್ಯೂಲಿನದು ಹೊಸದಿದ್ದಾಗ 6.5. ನಿಮ್ಮ ಸೆಲ್ ಅರ್ಧ ದಾರಿಯವರೆಗೆ ಚೆನ್ನಾಗಿಯೇ ನಡೆಯುವಂಥದ್ದು, ಬಲ್ಬ್ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು. ನಿಕಲ್ ಮೆಟಲ್ ಹೈಡ್ರೈಡ್ ಮೋಡ್ ಇರುವ ಹಾಬಿ (ರಿಮೋಟ್ ಆಟಿಕೆಗಳ ಬ್ಯಾಟರಿಗೆ ಬಳಸುವ) ಚಾರ್ಜರ್‌ನಲ್ಲಿ 3 ಆಂಪ್‌ಗೆ ಚಾರ್ಜ್ ಮಾಡಿ, ಮಿತಿ 7200 ಮಿಲಿಆಂಪ್-ಅವರ್ ಇಡಿ, ಆಮೇಲೆ 6.0 ವೋಲ್ಟ್‌ವರೆಗೆ ಡಿಸ್‌ಚಾರ್ಜ್ ಮಾಡಿ ಬಂದ ಅಂಕಿ ಬರೆದಿಡಿ. ಮೂರು ಸುತ್ತು. ಮಾಡ್ಯೂಲ್‌ಗಳನ್ನು ಎರಡೂ ತುದಿಯ ಪ್ಲೇಟ್‌ಗಳ ನಡುವೆ ಬಿಗಿದೇ ಚಾರ್ಜ್ ಮಾಡಬೇಕು, ಬಿಡಿಯಾಗಿ ಮಾಡಿದರೆ ಉಬ್ಬಿಕೊಂಡು ಮತ್ತೆ ಪೆಟ್ಟಿಗೆಯಲ್ಲಿ ಕೂರುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಈ ಅಂಕಿಗಳಲ್ಲಿದೆ. ಉಳಿದ 26 ಒಂದಕ್ಕೊಂದು ಹತ್ತಿರವಿದ್ದು ಒಂದೆರಡು ಮಾತ್ರ ಹಿಂದೆ ಬಿದ್ದಿದ್ದರೆ ಮಾಡ್ಯೂಲ್ ಬದಲಿಸಿ. ಬದಲಿಗೆ ಹಾಕುವುದು ಹೊಸದೇ ಆಗಬೇಕಿಲ್ಲ, ಉಳಿದವುಗಳ ಕೆಪಾಸಿಟಿಗೆ ಹತ್ತಿರವಿರಬೇಕು. ಎಲ್ಲವೂ 4 ಆಂಪ್-ಅವರ್ ಕೆಳಗೆ ಚೆಲ್ಲಾಪಿಲ್ಲಿಯಾಗಿದ್ದರೆ ಒಂದನ್ನು ಬದಲಿಸಿದಾಗ ಮುಂದಿನ ದುರ್ಬಲ ಮಾಡ್ಯೂಲ್ ಅದೇ ರೀತಿ ಕುಸಿಯುತ್ತದೆ. ಆಗ ಪೂರ್ತಿ ಪ್ಯಾಕ್ ಹಾಕುವುದೇ ಸರಿ.

ಬಸ್‌ಬಾರ್:
ಜೋಡಿಸುವಾಗ ಬಸ್ ಬಾರ್‌ಗಳನ್ನೂ ಬ್ಲಾಕ್ ವೋಲ್ಟೇಜ್ ಅಳೆಯೋ ಸೆನ್ಸ್ ವೈರ್‌ನ ತುದಿಗಳನ್ನೂ ಹೊಳೆಯುವವರೆಗೆ ಉಜ್ಜಿ, ತೊಳೆದು, ಒಣಗಿಸಿ. ಸೆನ್ಸ್ ವೈರ್ ಕಿಲುಬಿದ್ದರೆ ಚೆನ್ನಾಗಿರೋ ಬ್ಲಾಕ್ ಕೂಡ ಕೆಟ್ಟದ್ದು ಅಂತ ಕಂಪ್ಯೂಟರ್ ಓದುತ್ತೆ. ಮಾಡ್ಯೂಲ್‌ಗಳು ಒಂದು ಬಿಟ್ಟು ಒಂದು ತಿರುಗಿ ಕೂರುತ್ತವೆ, ಬಿಚ್ಚೋ ಮುಂಚೆಯೇ ಮಾರ್ಕರ್‌ನಲ್ಲಿ ನಂಬರ್ ಬರೆದು ಫೋಟೋ ತೆಗೆದಿಡಿ. ನಟ್ ಬಿಗಿತ 5.4 ನ್ಯೂಟನ್-ಮೀಟರ್, ಟಾರ್ಕ್ ವ್ರೆಂಚ್ ಇಲ್ಲದೆ ಕೈಹಾಕಬೇಡಿ, ಹೆಚ್ಚು ಬಿಗಿದರೆ ಪ್ಲಾಸ್ಟಿಕ್‌ನೊಳಗಿನ ಸ್ಟಡ್ಡೇ ತಿರುಗಿ ಮಾಡ್ಯೂಲ್ ಹಾಳು.

ಮಿಲಿಓಮ್:
ಜೋಡಿಸಿದ ಮೇಲೆ ಅದೇ 10 ಆಂಪ್ ಪರೀಕ್ಷೆಯನ್ನು ಮತ್ತೆ ಮಾಡಿ ಲಾಗ್ ಇಲ್ಲಿ ಹಾಕಿ. ಕೊನೆಯ ಹಂತದಲ್ಲೂ 14 ಬ್ಲಾಕ್‌ಗಳ ಅಂತರ 0.3 ವೋಲ್ಟ್ ಒಳಗೆ ಇರಬೇಕು.