ಹಳ್ಳದ ಅಂಚಲ್ಲಿ ಹುಲ್ಲು ಬಿಟ್ರೆ ಗೊಬ್ಬರ ನಿಲ್ತದಾ?

ಗದ್ದೆಬಯಲು:
ನಮ್ದು ಮದ್ದೂರು ಹತ್ರ, ನಾಲೆ ನೀರು, ಮೇಲ್ಗಡೆ ಕಬ್ಬು ಕೆಳಗಡೆ ಭತ್ತ, ಗದ್ದೆ ಮುಗಿಯೋ ಕಡೆ ಹಳ್ಳ. ಹೋದ್ಸಲ ಯೂರಿಯಾ ಚೆಲ್ಲಿ ಮನೆಗ್ ಬಂದು ಕಾಲು ತೊಳ್ಕೊಳೋದ್ರೊಳ್ಗೆ ಮಳೆ ಹೊಡೀತು, ಬೆಳಿಗ್ಗೆ ನೋಡಿದ್ರೆ ಬದು ಒಡ್ದು ನೀರೆಲ್ಲ ಹಳ್ಳಕ್ಕೆ. ದುಡ್ಡು ಹೋಯ್ತು ಬಿಡಿ, ಈಗ ಹಳ್ಳದಲ್ಲಿ ಪಾಚಿ, ಅಂತರಗಂಗೆ ಎಂಗೆ ಬೆಳ್ದೈತೆ ಅಂದ್ರೆ ಎಮ್ಮೆ ಮೂತಿ ಇಡಕ್ಕೂ ಜಾಗ ಇಲ್ಲ. ಅಂಚಲ್ಲಿ ಹುಲ್ಲು ಗಿಡ ಬಿಟ್ರೆ ಗೊಬ್ಬರ ತಡೀತದಂತೆ, ಹೌದಾ? ಜಾಗ ಬಿಡೋಣ ಅಂದ್ರೆ ಅಪ್ಪ ಹೊಡೆಯಕ್ಕೇ ಬತ್ತಾರೆ.

ಮೈಸೂರ್ ಮಣ್ಣು:
ತಡೆಯತ್ತೆ, ಆದ್ರೆ ಎಲ್ಲಾನೂ ಒಂದೇ ತರ ಅಲ್ಲ. ಡಿಎಪಿ ಗೊಬ್ಬರದಲ್ಲಿರೋ ರಂಜಕ ಮಣ್ಣಿಗೆ ಅಂಟ್ಕೊಂಡು ಹೋಗತ್ತೆ, ಹುಲ್ಲು ಒತ್ತಾಗಿದ್ರೆ ನೀರು ನಿಧಾನ ಆಗಿ ಮಣ್ಣು ಅಲ್ಲೇ ಕೂತ್ಕೊಳತ್ತೆ, ಅದ್ರ ಜೊತೆ ರಂಜಕನೂ. ಯೂರಿಯಾ ಮಣ್ಣಲ್ಲಿ ಬದಲಾಗಿ ಆಗೋ ನೈಟ್ರೇಟ್ ಹಂಗಲ್ಲ, ನೀರಲ್ಲಿ ಕರಗಿ ನೆಲದೊಳಗಿಂದಾನೇ ಹಳ್ಳ ಸೇರತ್ತೆ, ಅದಕ್ಕೆ ಬೇರು ಆಳಕ್ಕೆ ಬಿಡೋವು ಬೇಕು, ಹೊಂಗೆ, ಹೊಳೆಮತ್ತಿ, ಲಾವಂಚ. ದಡದ ಒದ್ದೆ ಮಣ್ಣಲ್ಲಿ ಗಾಳಿ ಆಡಲ್ವಲ್ಲ, ಅಲ್ಲಿನ ಬ್ಯಾಕ್ಟೀರಿಯಾಗಳು ನೈಟ್ರೇಟನ್ನ ಸಾರಜನಕ ಅನಿಲ ಮಾಡಿ ಮೇಲಕ್ಕೆ ಬಿಡ್ತವೆ. ಆದ್ರೆ ಚೆಲ್ಲಿದ ದಿನವೇ ಬದು ಒಡೆದ್ರೆ ಯಾವ ಹುಲ್ಲೂ ಏನೂ ಮಾಡಕ್ಕಾಗಲ್ಲ.

ಪಾಂಡವಪುರದವ್ನು:
ನಾನು ಹುಲ್ಲು ಬಿಟ್ಟೂ ಮೋಸ ಹೋದೆ ಅಣ್ಣ. ಮೂಲೇಲಿ ನೀರು ಒಂದೇ ಕಡೆ ಕೊರಕಲು ಮಾಡ್ಕೊಂಡು ಸೀದಾ ಹಳ್ಳಕ್ಕೆ ಬೀಳ್ತಿತ್ತು, ಹುಲ್ಲು ಪಾಡಿಗೆ ಹುಲ್ಲು, ನೀರು ಪಾಡಿಗೆ ನೀರು. ಅಲ್ಲಿ ದಪ್ಪ ಕಲ್ಲು ಜೋಡ್ಸಿ ನೀರು ಅಗ್ಲಕ್ಕೆ ಹರಡೋ ಹಂಗೆ ಮಾಡ್ದೆ, ಈಗ ಮಳೆ ನಿಂತ್ಮೇಲೆ ಹುಲ್ಲಿನ ಬುಡದಲ್ಲಿ ಬೆರಳುದ್ದ ಗೋಡು ನಿಂತಿರತ್ತೆ. ಅಪ್ಪಂಗೆ ಲೆಕ್ಕ ಹೇಳಿ, ಹಳ್ಳದುದ್ದ 130 ಅಡಿ ಇದ್ರೆ 8 ಅಡಿ ಅಗ್ಲ ಬಿಟ್ರೂ ಹತ್ತತ್ರ ಒಂದೇ ಗುಂಟೆ. ಗದ್ದೆ ಕಡೆ ನೇಪಿಯರ್ ಮೇವಿನ ಹುಲ್ಲು ಹಾಕಿ. ಕೊಯ್ದು ಹಸಕ್ಕೆ ಹಾಕ್ಬೇಕು ಆದ್ರೆ, ಕೊಯ್ಯದೆ ಹಂಗೇ ಬಿಟ್ರೆ ಕೊಳ್ತು ಹೀರಿದ್ದೆಲ್ಲ ವಾಪಸ್ ಹಳ್ಳಕ್ಕೇ.

ಹಳೇ ರೈತ:
ಲೋ ಮಕ್ಳಾ, ಮೊದ್ಲು ಬದುವಿನ ಗಂಡಿ ಮುಚ್ರಪ್ಪ. 45 ಕೇಜಿ ಯೂರಿಯಾ ಮೂಟೇಲಿ ಸಾರಜನಕ ಇರೋದೇ 20 ಕೇಜಿ ಚಿಲ್ರೆ, ಅದ್ನೂ ಹರಿಯೋ ನೀರಿಗೆ ಚೆಲ್ಲುದ್ರೆ ಹಳ್ಳಕ್ಕೇ ಗೊಬ್ರ ಹಾಕ್ದಂಗೆ. ನೀರು ಬಸ್ದು ಚೆಲ್ಲಿ, ಮಾರ್ನೆ ದಿನ ನೀರು ಕಟ್ಟಿ. ಮೋಡ ಕಂಡ್ರೆ ಮೂಟೆ ಬಿಚ್ಲೇಬೇಡಿ. ದಡದಲ್ಲಿ ಗಿಡ ಬಿಡೋದೇನೂ ಹೊಸ ವಿದ್ಯೆ ಅಲ್ಲ, ಹಳ್ಳದ ದಡದ ಲಕ್ಕಿ, ಕೇದಿಗೆ ಎಲ್ಲಾನೂ ಜೆಸಿಬಿ ತಂದು ಕೆರ್ದೋರು ನಾವೇ ತಾನೆ.

ಗದ್ದೆಬಯಲು:
ಅಪ್ಪಂಗೆ ಜಾಗ ಬಿಡೋದು ಅನ್ಲಿಲ್ಲ, ಹಸಕ್ಕೆ ಮೇವು ಹಾಕೋಣ ಅಂದೆ, ಹೂಂ ಅಂದ್ರು 😀 ನೇಪಿಯರ್ ಕಡ್ಡಿ ಯಾರತ್ರನಾದ್ರೂ ಐತಾ?