ತಾತನ ಕತ್ತು ಬಾಗಿದ ಟಾರ್ಚ್ ಯಾವ ಕಂಪನಿಯದ್ದು?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದರು. ಅವರ ಟ್ರಂಕಿನಲ್ಲಿ ಒಂದು ಹಳೇ ಬ್ಯಾಟರಿ ಸಿಕ್ಕಿದೆ. ಕತ್ತು ಅಡ್ಡಕ್ಕೆ ತಿರುಗಿದೆ, ನೆಟ್ಟಗೆ ನಿಲ್ಲಿಸಿದರೂ ಬೆಳಕು ಮುಂದಕ್ಕೆ ಬೀಳುವ ಹಾಗೆ. ಬೆನ್ನಿಗೆ ಕ್ಲಿಪ್ಪಿದೆ. ಮಿಲಿಟರಿ ಹಸಿರು ಬಣ್ಣ ಅಲ್ಲಲ್ಲಿ ಉದುರಿ, ಒಳಗಿನ ಹಳದಿ ಲೋಹ ಕಾಣುತ್ತದೆ. ‘ಟಿಎಲ್-122-ಎ’ ಅಂತ ಅಚ್ಚಿದೆ. ಒಬ್ಬ ಗುಜರಿ ವ್ಯಾಪಾರಿ, “ಇದು ಇಂಗ್ಲೆಂಡಿನದು, ಟಿಎಲ್ ಅನ್ನೋದೇ ಕಂಪನಿ” ಅಂದರು. ನಿಜವಾ? ಹುಣಸೆಹಣ್ಣು ಹಾಕಿ ಉಜ್ಜಿ, ಫಳಫಳ ಅನ್ನಿಸಿ ಶೋಕೇಸಿನಲ್ಲಿ ಇಡೋಣ ಅಂತಿದ್ದೇನೆ.

ಉತ್ತರ: ಮೇಡಂ, ದಯವಿಟ್ಟು ಹುಣಸೆಹಣ್ಣು ಮುಟ್ಟಿಸಬೇಡಿ! ಹಳೇ ದೀಪ, ಟಾರ್ಚ್ ರಿಪೇರಿ ಮಾಡುತ್ತಾ ಇಷ್ಟು ವರ್ಷ ಆಯಿತು. ಚೆನ್ನಾಗಿ ಉಜ್ಜಿ ಹೆಸರೇ ಅಳಿಸಿ ತಂದವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಹಸಿರು ಬಣ್ಣ, ಆ ಸಣ್ಣ ಅಕ್ಷರ, ಇವೇ ಅದರ ಜಾತಕ.

ಟಿಎಲ್ ಕಂಪನಿ ಅಲ್ಲ. ಅದು ಅಮೆರಿಕದ ಸೈನ್ಯದ ಸಿಗ್ನಲ್ ಕೋರ್, ಅಂದರೆ ಸಂಪರ್ಕ ವಿಭಾಗ, ತನ್ನ ಸಾಮಾನುಗಳಿಗೆ ಕೊಟ್ಟ ನಂಬರ್. ಅದೇ ಸಾಲಿನಲ್ಲಿ ಟಿಎಲ್-13 ಅಂದರೆ ಇಕ್ಕಳ, ಟಿಎಲ್-29 ಅಂದರೆ ಚಾಕು. 122 ಅಂದರೆ ಈ ಟಾರ್ಚ್. ಕೊನೆಯ ‘ಎ’ ಹಿತ್ತಾಳೆಯದು. ಯುದ್ಧದಲ್ಲಿ ಹಿತ್ತಾಳೆಗೆ ಬರ ಬಂದ ಮೇಲೆ ‘ಬಿ’ ಬಂತು, ಅದು ಪ್ಲಾಸ್ಟಿಕ್ಕಿನದು. ಒಂದೇ ನಮೂನೆಯನ್ನು ಹಲವು ಕಂಪನಿಗಳು ಮಾಡಿಕೊಟ್ಟವು. ಅದಕ್ಕೇ ನಂಬರ್ ನೋಡಿ ತಯಾರಕರನ್ನು ಹೇಳೋದಕ್ಕೆ ಆಗಲ್ಲ. ಹೆಸರು ಬೇರೆ ಕಡೆ ಇರಬೇಕು.

ಹೀಗೆ ಮಾಡಿ. ಒಣಬಟ್ಟೆಯಲ್ಲಿ ಧೂಳು ಒರೆಸಿ. ಸೀಮೆಸುಣ್ಣದ ಪುಡಿಯನ್ನು ಬೆರಳಲ್ಲಿ ಮೆಲ್ಲಗೆ ಸವರಿ, ಮೇಲಿನದನ್ನು ಒರೆಸಿಬಿಡಿ. ಅಕ್ಷರದ ತಗ್ಗಿನಲ್ಲಿ ಪುಡಿ ಉಳಿಯುತ್ತದೆ. ಕೋಣೆ ಕತ್ತಲೆ ಮಾಡಿ ಮೊಬೈಲ್ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಡಿ. ತಳದ ಮುಚ್ಚಳ, ಗಾಜಿನ ಸುತ್ತಿನ ಬಳೆ, ಕ್ಲಿಪ್ಪಿನ ಹಿಂದೆ, ಎಲ್ಲ ನೋಡಿ. ಪೇಟೆಂಟ್ ನಂಬರ್ ಸಿಕ್ಕರೆ ಅದನ್ನೂ ಬರೆದುಕೊಳ್ಳಿ. ಅಮೆರಿಕದ 20,00,000ನೇ ಪೇಟೆಂಟ್ 1935ರದ್ದು. ಅದಕ್ಕಿಂತ ದೊಡ್ಡ ನಂಬರ್ ಇದ್ದರೆ ವಸ್ತು ಅದಕ್ಕೂ ಹಿಂದಿನದಾಗಿರಲು ಸಾಧ್ಯವಿಲ್ಲ.

ಪ್ರಶ್ನೆ: ಸರ್, ಸೀಮೆಸುಣ್ಣ ಕೆಲಸ ಮಾಡಿತು! ಆದರೆ ಸಿಕ್ಕಿದ್ದು ‘ಯುಎಸ್‌ಎ ಲೈಟ್’ ಅಂತ ಅಷ್ಟೇ. ಅಮೆರಿಕದ ದೀಪ ಅಂತ ಅರ್ಥ ಅಲ್ವಾ? ಕಂಪನಿ ಹೆಸರೇ ಇಲ್ಲ.

ಉತ್ತರ: ಅದೇ ಹೆಸರು ಮೇಡಂ! ಬಿಡಿಸಿ ಓದಬೇಡಿ, ‘ಯುಎಸ್‌ಎಲೈಟ್’ ಅಂತ ಒಂದೇ ಪದವಾಗಿ ಓದಿ. ನ್ಯೂಯಾರ್ಕಿನ ಯುನೈಟೆಡ್ ಸ್ಟೇಟ್ಸ್ ಎಲೆಕ್ಟ್ರಿಕ್ ಮ್ಯಾನುಫ್ಯಾಕ್ಚರಿಂಗ್ ಕಾರ್ಪೊರೇಷನ್ನಿನ ಬ್ರ್ಯಾಂಡ್ ಅದು. ಓದಿ ತುಂಬಾ ಖುಷಿ ಆಯಿತು.

ತಾತನ ಕೈಗೆ ಬಂದದ್ದಕ್ಕೂ ದಾರಿ ಇದೆ. ಕಾರ್ಖಾನೆ ಶುರುವಾದದ್ದು 1940ರಲ್ಲಿ. 1943ರಲ್ಲಿ ಅದು ಅಮೆರಿಕದ ವಾಯುಸೇನೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಅಲ್ಲಿ ವಿಮಾನ, ಎಂಜಿನ್ ರಿಪೇರಿ ನಡೆಯುತ್ತಿತ್ತು. ಎಂಜಿನ್ ಸಂದಿಗೆ ತಲೆ ಹಾಕುವ ಫಿಟರಿಗೆ ಎರಡೂ ಕೈ ಬೇಕು. ಜೇಬಿಗೋ ಬೆಲ್ಟಿಗೋ ಸಿಕ್ಕಿಸಿದರೆ ತಾನೇ ಮುಂದಕ್ಕೆ ಬೆಳಕು ಬಿಡುವ ಟಾರ್ಚ್ ಅಂದರೆ ಎಷ್ಟು ಅನುಕೂಲ, ಯೋಚಿಸಿ. ಆದರೂ ಇದು ನನ್ನ ಊಹೆ. ಯುದ್ಧ ಮುಗಿದ ಮೇಲೆ ಕೊಂಡದ್ದೂ ಇರಬಹುದು. ಮನೆಯಲ್ಲಿ ಹಿರಿಯರಿದ್ದರೆ ಈಗಲೇ ಕೇಳಿ ಬರೆದಿಡಿ.

ಇನ್ನೊಬ್ಬರ ಪ್ರಶ್ನೆ: ಅಣ್ಣಾ, ನಮ್ಮಪ್ಪ ದಾವಣಗೆರೆ ಮಿಲ್ಲಿನಲ್ಲಿ ರಾತ್ರಿ ಪಾಳಿಗೆ ಒಯ್ಯುತ್ತಿದ್ದ ಎವರೆಡಿ ಟಾರ್ಚ್ ಇದೆ. ಎಷ್ಟು ಹಳೇದು ಅಂತ ಹೇಳಬಹುದಾ?

ಉತ್ತರ: ‘ಎವರೆಡಿ’ ಅನ್ನುವುದೊಂದರಿಂದ ಆಗಲ್ಲ ತಮ್ಮಾ, ಕೆಳಗಿನ ಸಣ್ಣ ಅಕ್ಷರ ನೋಡಿ. ಕಂಪನಿಯ ಹೆಸರು 1941ರಿಂದ ನ್ಯಾಷನಲ್ ಕಾರ್ಬನ್, 1959ರಿಂದ ಯೂನಿಯನ್ ಕಾರ್ಬೈಡ್ ಇಂಡಿಯಾ, 1995ರಿಂದ ಎವರೆಡಿ ಇಂಡಸ್ಟ್ರೀಸ್. ಯಾವುದು ಇದೆಯೋ ಅದೇ ಕಾಲ. ಅಂಗಡಿಯಲ್ಲಿ ಹಳೇ ಸ್ಟಾಕ್ ಒಂದೆರಡು ವರ್ಷ ಜಾಸ್ತಿ ಉಳಿದಿರಬಹುದು, ಅಷ್ಟೇ.

ಪ್ರಶ್ನೆ: ಸರ್, ಕೊನೆಯದಾಗಿ ಒಂದು. ತಾತನ ಟಾರ್ಚ್ ಒಮ್ಮೆ ಉರಿಸಿ ನೋಡಬೇಕು ಅಂತ ಅಮ್ಮನಿಗೆ ಆಸೆ. ಒಳಗೆ ಬಿಳಿ ಮತ್ತು ಹಸಿರು ಕಿಲುಬು ಕಟ್ಟಿದೆ.

ಉತ್ತರ: ಖಂಡಿತ ನೋಡಬಹುದು. ಹಳೇ ಶೆಲ್ಲು ಸೋರಿದ್ದು ಹುಳಿ ಗುಣದ್ದು, ಅದಕ್ಕೆ ಅಡುಗೆ ಸೋಡಾ ಮದ್ದು. ಸೋಡಾ ಪೇಸ್ಟನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಳಗಡೆ ಮಾತ್ರ ಹಚ್ಚಿ. ಹೊರಗಿನ ಬಣ್ಣಕ್ಕೆ ತಾಗಿಸಬೇಡಿ. ಒದ್ದೆಬಟ್ಟೆಯಲ್ಲಿ ಒರೆಸಿ, ಒಂದು ದಿನ ನೆರಳಲ್ಲಿ ಒಣಗಲಿ. ಬಲ್ಬಿನ ತಳ, ಸ್ಪ್ರಿಂಗ್ ಎರಡನ್ನೂ ತಿಕ್ಕಿ, ಎರಡು ದೊಡ್ಡ ಶೆಲ್ಲು ಹಾಕಿ. ಹತ್ತದಿದ್ದರೆ ಸ್ವಿಚ್ಚನ್ನು ಸುಮ್ನೆ ಜೋರಾಗಿ ತಳ್ಳಬೇಡಿ, ಮೊದಲು ಬಲ್ಬನ್ನು ಬೇರೆಯಾಗಿ ಶೆಲ್ಲಿಗೆ ಹಿಡಿದು ನೋಡಿ. ಅಮ್ಮ ನೋಡಿದ ಮೇಲೆ ಶೆಲ್ಲು ಮರೆಯದೆ ತೆಗೆದಿಡಿ.